ಪಡೆಯುವವರ ರಕ್ತ ಯಾವುದನ್ನು ಒಪ್ಪುತ್ತದೆ?

ರಕ್ತದ ಗುಂಪುಗಳ ಬಗ್ಗೆ ಮಾತನಾಡುವಾಗ ಪರದೆಯ ಮೇಲೆ ಒಂದು ಕೋಷ್ಟಕ ತೋರಿಸುವುದು ವಾಡಿಕೆ. ಎಡಬದಿಗೆ ಕೊಡುವವರ ಗುಂಪು, ಮೇಲ್ಗಡೆ ಪಡೆಯುವವರ ಗುಂಪು, ನಡುವಿನ ಮನೆಗಳಲ್ಲಿ ಸರಿ ಮತ್ತು ತಪ್ಪಿನ ಗುರುತುಗಳು. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತವರು ಇಲ್ಲಿ ಸಾಕಷ್ಟು ಜನ ಇರಬಹುದು. ನಾನು ಇವತ್ತು ಆ ಕೋಷ್ಟಕ ತಂದಿಲ್ಲ. ಅದನ್ನು ನೆನಪಿಡುವ ಅಗತ್ಯವೇ ಇಲ್ಲ ಎಂದು ತೋರಿಸಬೇಕೆಂದಿದ್ದೇನೆ. ಒಂದೇ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳಲು ಬಂದರೆ ಇಡೀ ಕೋಷ್ಟಕವನ್ನು ನೀವೇ ಬರೆದುಕೊಳ್ಳಬಹುದು. ಆ ಪ್ರಶ್ನೆ ಇಷ್ಟೇ: ರಕ್ತ ಪಡೆಯುವವರ ಪ್ಲಾಸ್ಮಾದಲ್ಲಿ ಯಾವ ಪ್ರತಿಕಾಯಗಳಿವೆ? ಪ್ರತಿಕಾಯ ಎಂದರೆ ತನ್ನದಲ್ಲದ್ದನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳಲು ದೇಹ ತಯಾರಿಸುವ ಪ್ರೋಟೀನ್.

ಯಾರಿಗಾದರೂ ರಕ್ತ ಬೇಕೆಂದು ಸುದ್ದಿ ಬಂದಾಗ ನಮ್ಮ ಗಮನವೆಲ್ಲ ಕೊಡುವವರ ಮೇಲೆ ಇರುತ್ತದೆ. ಯಾರ ಗುಂಪು ಯಾವುದು, ಯಾರು ಸಿಗುತ್ತಾರೆ, ಯಾರ ರಕ್ತ ಎಲ್ಲರಿಗೂ ಆಗುತ್ತದೆ ಎಂದು ಹುಡುಕುತ್ತೇವೆ. ಆದರೆ ಕೊಟ್ಟ ರಕ್ತ ಉಳಿಯುತ್ತದೆಯೋ ನಾಶವಾಗುತ್ತದೆಯೋ ಎನ್ನುವುದು ತೀರ್ಮಾನವಾಗುವುದು ಪಡೆಯುವವರ ಮೈಯೊಳಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ರಕ್ತದಲ್ಲಿ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕೆಂಪು ರಕ್ತಕಣಗಳು ಒಂದು, ಅವು ತೇಲಾಡುವ ತಿಳಿಹಳದಿ ದ್ರವವಾದ ಪ್ಲಾಸ್ಮಾ ಇನ್ನೊಂದು. ಕೆಂಪುಕಣದ ಮೈಮೇಲೆ ಸಕ್ಕರೆಯ ಅಣುಗಳಿಂದಾದ ಪುಟ್ಟ ಸರಪಳಿಗಳಿರುತ್ತವೆ. ಹೆಚ್ಚುಕಡಿಮೆ ಎಲ್ಲ ಮನುಷ್ಯರಲ್ಲೂ ಇರುವ ಮೂಲ ಸರಪಳಿಗೆ ಎಚ್ ಪ್ರತಿಜನಕ (ಪ್ರತಿಕಾಯಗಳು ಗುರುತು ಹಿಡಿಯುವ ಅಣು) ಎಂದು ಹೆಸರು. ಅದರ ತುದಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಒಂದು ಸಕ್ಕರೆ ಸೇರಿಕೊಂಡರೆ ಅದು ಎ ಪ್ರತಿಜನಕವಾಗುತ್ತದೆ. ಗ್ಯಾಲಕ್ಟೋಸ್ ಸೇರಿಕೊಂಡರೆ ಬಿ ಆಗುತ್ತದೆ. ಎರಡೂ ಬಗೆಯ ಸರಪಳಿಗಳಿದ್ದರೆ ಆ ವ್ಯಕ್ತಿ ಎಬಿ ಗುಂಪಿನವರು. ತುದಿಗೆ ಏನೂ ಸೇರದೆ ಎಚ್ ಹಾಗೆಯೇ ಉಳಿದರೆ ಓ ಗುಂಪು. ಈ ಸಕ್ಕರೆಯನ್ನು ಜೋಡಿಸುವ ಕೆಲಸ ಒಂದು ಕಿಣ್ವದ್ದು. ಎ ಗುಂಪಿನ ಕಿಣ್ವಕ್ಕೂ ಬಿ ಗುಂಪಿನ ಕಿಣ್ವಕ್ಕೂ ಇರುವುದು ನಾಲ್ಕು ಅಮೈನೊ ಆಮ್ಲಗಳ ವ್ಯತ್ಯಾಸ. ಓ ಗುಂಪಿನ ಬಹುತೇಕರಲ್ಲಿ ಆ ಜೀನ್‌ನ ಒಂದೇ ಒಂದು ಅಕ್ಷರ ಬಿಟ್ಟುಹೋಗಿ ಕಿಣ್ವ ಕೆಲಸಕ್ಕೆ ಬಾರದಂತಾಗಿದೆ. ಇದು 1990ರಲ್ಲಿ ಯಮಾಮೊಟೊ ಮತ್ತು ಸಂಗಡಿಗರ ಸಂಶೋಧನೆಯಿಂದ ತಿಳಿಯಿತು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಜೀವ ತೆಗೆಯುವ ಶಕ್ತಿಯಿದೆ ಎನ್ನುವುದು ನನಗೆ ಇವತ್ತಿಗೂ ಬೆರಗು.

ಇನ್ನು ಪ್ಲಾಸ್ಮಾದ ಕಡೆಗೆ ಬನ್ನಿ. ನಿಮ್ಮ ಕೆಂಪುಕಣಗಳ ಮೇಲೆ ಯಾವ ಪ್ರತಿಜನಕ ಇಲ್ಲವೋ ಅದರ ವಿರುದ್ಧದ ಪ್ರತಿಕಾಯ ನಿಮ್ಮ ಪ್ಲಾಸ್ಮಾದಲ್ಲಿ ಮೊದಲೇ ಇರುತ್ತದೆ. ಎ ಗುಂಪಿನವರಲ್ಲಿ ಆ್ಯಂಟಿ-ಬಿ, ಬಿ ಗುಂಪಿನವರಲ್ಲಿ ಆ್ಯಂಟಿ-ಎ, ಓ ಗುಂಪಿನವರಲ್ಲಿ ಎರಡೂ, ಎಬಿ ಗುಂಪಿನವರಲ್ಲಿ ಎರಡೂ ಇಲ್ಲ. ನೀವು ಕೇಳಬಹುದು, ಜೀವಮಾನದಲ್ಲಿ ಒಮ್ಮೆಯೂ ಬೇರೆಯವರ ರಕ್ತ ಪಡೆಯದ ವ್ಯಕ್ತಿಯಲ್ಲಿ ಈ ಪ್ರತಿಕಾಯ ಎಲ್ಲಿಂದ ಬಂತು? ಅದು ಕರುಳಿನಿಂದ ಬಂದದ್ದು. ನಮ್ಮ ಕರುಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳ ಮೈಮೇಲೂ ಇಂಥದ್ದೇ ಸಕ್ಕರೆಗಳಿವೆ. ಹುಟ್ಟಿದ ಮಗು ಅವುಗಳಿಗೆ ಒಡ್ಡಿಕೊಂಡಾಗ, ತನ್ನದಲ್ಲದ ಸಕ್ಕರೆಯ ವಿರುದ್ಧ ಪ್ರತಿಕಾಯ ತಯಾರಿಸಲು ಕಲಿಯುತ್ತದೆ. ಮೂರರಿಂದ ಆರು ತಿಂಗಳ ವಯಸ್ಸಿಗೆ ಅವು ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಅಂದರೆ ತಪ್ಪು ಗುಂಪಿನ ರಕ್ತ ಮೊದಲನೆಯ ಸಲ ಮೈಗೆ ಸೇರಿದಾಗಲೇ ದಾಳಿ ಸಿದ್ಧವಾಗಿರುತ್ತದೆ. ಎರಡನೆಯ ಸಲಕ್ಕೆ ಕಾಯಬೇಕಾಗಿಲ್ಲ. ಎಬಿಓ ವ್ಯವಸ್ಥೆ ಉಳಿದೆಲ್ಲ ರಕ್ತದ ಗುಂಪಿನ ವ್ಯವಸ್ಥೆಗಳಿಗಿಂತ ಅಪಾಯಕಾರಿ ಆಗಿರುವುದಕ್ಕೆ ಕಾರಣ ಇದೇ.

ಈಗ ಕೋಷ್ಟಕವನ್ನು ನೀವೇ ಬರೆಯಿರಿ. ರೋಗಿ ಓ ಗುಂಪಿನವರು. ಅವರ ಪ್ಲಾಸ್ಮಾದಲ್ಲಿ ಆ್ಯಂಟಿ-ಎ ಮತ್ತು ಆ್ಯಂಟಿ-ಬಿ ಎರಡೂ ಇವೆ. ಹಾಗಾದರೆ ಎ, ಬಿ, ಎಬಿ ಯಾವ ಕಣವೂ ಉಳಿಯುವುದಿಲ್ಲ, ಓ ಮಾತ್ರ ಆಗಬೇಕು. ರೋಗಿ ಎ ಗುಂಪಿನವರಾದರೆ ಇರುವುದು ಆ್ಯಂಟಿ-ಬಿ, ಆದ್ದರಿಂದ ಎ ಆಗುತ್ತದೆ, ಓ ಆಗುತ್ತದೆ. ಬಿ ಗುಂಪಿನವರಿಗೆ ಬಿ ಮತ್ತು ಓ. ಎಬಿ ಗುಂಪಿನವರ ಪ್ಲಾಸ್ಮಾದಲ್ಲಿ ಈ ಪ್ರತಿಕಾಯಗಳೇ ಇಲ್ಲ, ಹಾಗಾಗಿ ನಾಲ್ಕೂ ಆಗುತ್ತವೆ. ಮುಗಿಯಿತು.

ಆದರೆ ಒಂದು ಎಚ್ಚರಿಕೆ. ಈಗ ಬರೆದದ್ದು ಕೆಂಪುಕಣಗಳ ಕೋಷ್ಟಕ ಮಾತ್ರ. ಕೊಡಬೇಕಾದದ್ದು ಪ್ಲಾಸ್ಮಾ ಆದರೆ ಲೆಕ್ಕ ತಲೆಕೆಳಗಾಗುತ್ತದೆ, ಏಕೆಂದರೆ ಈ ಸಲ ಪ್ರತಿಕಾಯಗಳು ಚೀಲದಲ್ಲಿವೆ, ಅವುಗಳಿಗೆ ಗುರಿಯಾಗುವ ಕಣಗಳು ರೋಗಿಯ ಮೈಯಲ್ಲಿವೆ. ಎಬಿ ಗುಂಪಿನವರ ಪ್ಲಾಸ್ಮಾ ಯಾರಿಗಾದರೂ ಆಗುತ್ತದೆ. ಓ ಗುಂಪಿನವರ ಪ್ಲಾಸ್ಮಾ ಓ ಗುಂಪಿನವರಿಗೆ ಮಾತ್ರ. ಎಲ್ಲರಿಗೂ ರಕ್ತ ಕೊಡಬಲ್ಲವರು ಎಂದು ಹೆಸರಾದವರ ಪ್ಲಾಸ್ಮಾ ಎಲ್ಲರಿಗಿಂತ ಕಡಿಮೆ ಜನರಿಗೆ ಹೊಂದುತ್ತದೆ. ಎಲ್ಲರಿಂದಲೂ ಪಡೆಯಬಲ್ಲವರೆಂದು ಹೆಸರಾದ ಎಬಿ ಗುಂಪಿನವರು ಪ್ಲಾಸ್ಮಾದ ವಿಷಯಕ್ಕೆ ಬಂದರೆ ಅತ್ಯಂತ ಬೇಡಿಕೆಯ ದಾನಿಗಳು. ಎಬಿ ಗುಂಪಿನವರು ಯಾರಾದರೂ ಇಲ್ಲಿದ್ದರೆ, ನನ್ನ ರಕ್ತ ಯಾರಿಗೂ ಅಷ್ಟಾಗಿ ಬೇಕಾಗುವುದಿಲ್ಲ ಎಂದುಕೊಂಡಿದ್ದರೆ, ಆ ಭಾವನೆಯನ್ನು ಇವತ್ತೇ ಬಿಟ್ಟುಬಿಡಿ.

ಹಿಂದೆ ರಕ್ತವನ್ನು ಇಡಿಯಾಗಿಯೇ, ಅಂದರೆ ಕಣ ಮತ್ತು ಪ್ಲಾಸ್ಮಾ ಬೇರ್ಪಡಿಸದೆ, ಕೊಡುತ್ತಿದ್ದಾಗ ಓ ಗುಂಪಿನ ರಕ್ತದಿಂದಲೂ ತೊಂದರೆಯಾದದ್ದುಂಟು. ಕೆಲವು ಓ ಗುಂಪಿನವರ ಪ್ಲಾಸ್ಮಾದಲ್ಲಿ ಆ್ಯಂಟಿ-ಎ ಪ್ರಮಾಣ ತುಂಬಾ ಹೆಚ್ಚಿರುತ್ತದೆ. ಅದು ಎ ಗುಂಪಿನ ರೋಗಿಗೆ ಸೇರಿದರೆ ರೋಗಿಯ ಸ್ವಂತ ಕಣಗಳೇ ಒಡೆಯುತ್ತವೆ. ಈಗ ದಾನಿಯಿಂದ ತೆಗೆದ ರಕ್ತವನ್ನು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸುತ್ತಾರೆ. ಕೆಂಪುಕಣದ ಚೀಲದಲ್ಲಿ ಪ್ಲಾಸ್ಮಾ ಉಳಿಯುವುದು ಅಲ್ಪಸ್ವಲ್ಪ. ಕೆಂಪುಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಳಸುವ ದ್ರಾವಣಕ್ಕೆ ತಕ್ಕಂತೆ 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್‌ಗಳನ್ನು ಶೀತಪೆಟ್ಟಿಗೆಯಲ್ಲಿ ಇಡುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಸದಾ ಮೆಲ್ಲಗೆ ಅಲುಗಾಡಿಸುತ್ತ ಇಡಬೇಕು, ಸಾಮಾನ್ಯವಾಗಿ ಐದು ದಿನದೊಳಗೆ ಬಳಸಬೇಕು. ಪ್ಲೇಟ್‌ಲೆಟ್‌ಗೆ ದಾನಿಗಳು ಮತ್ತೆ ಮತ್ತೆ ಬೇಕಾಗುವುದು ಇದೇ ಕಾರಣಕ್ಕೆ. ಅವು ಪ್ಲಾಸ್ಮಾದಲ್ಲೇ ತೇಲುವುದರಿಂದ ಅಲ್ಲಿ ಪ್ಲಾಸ್ಮಾದ ಹೊಂದಾಣಿಕೆಯನ್ನೂ ನೋಡುತ್ತಾರೆ.

ತಪ್ಪು ರಕ್ತ ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ ನಮಗೆ ಸಿಗುವ ತೀರಾ ಹಳೆಯ ವರ್ಣನೆಗಳಲ್ಲಿ ಒಂದು 1667ರ ಪ್ಯಾರಿಸ್‌ನದು. ಜಾನ್ ಬಾಪ್ಟಿಸ್ಟ್ ಡೆನಿ ಎಂಬ ವೈದ್ಯ ಆ ವರ್ಷ ಪ್ರಾಣಿಗಳ ರಕ್ತವನ್ನು ಮನುಷ್ಯರಿಗೆ ಕೊಡಲು ಶುರುಮಾಡಿದ್ದ. ಡಿಸೆಂಬರಿನಲ್ಲಿ ಮಾನಸಿಕ ಕಾಯಿಲೆಯಿದ್ದ ಆಂಟ್ವಾನ್ ಮೋರುವಾ ಎಂಬಾತನಿಗೆ ಕರುವಿನ ರಕ್ತ ಕೊಟ್ಟ. ಎರಡನೆಯ ಸಲ ಕೊಡುತ್ತಿದ್ದಂತೆ ರೋಗಿಯ ತೋಳು ಬಿಸಿಯಾಯಿತು, ನಾಡಿ ಏರಿತು, ಹಣೆಯಲ್ಲಿ ಬೆವರು ಹರಿಯಿತು, ಸೊಂಟದ ಭಾಗದಲ್ಲಿ ವಿಪರೀತ ನೋವು, ವಾಂತಿ. ಮರುದಿನ ಹೋದ ಮೂತ್ರ ಹೊಗೆಯ ಮಸಿ ಕಲಸಿದಷ್ಟು ಕಪ್ಪಾಗಿತ್ತು ಎಂದು ಡೆನಿ ಬರೆದಿಟ್ಟ. ಅದು ಏಕೆ ಕಪ್ಪಾಯಿತು ಎಂದು ಅವನಿಗೆ ಗೊತ್ತಿರಲಿಲ್ಲ. ಇವತ್ತು ನಮಗೆ ಗೊತ್ತು. ಹೊರಗಿನಿಂದ ಬಂದ ಕಣಗಳು ರಕ್ತನಾಳದೊಳಗೇ ಒಡೆದು, ಅವುಗಳಲ್ಲಿದ್ದ ಹಿಮೋಗ್ಲೋಬಿನ್ ಮೂತ್ರಪಿಂಡದ ಮೂಲಕ ಹೊರಬಂದಿತ್ತು. ಮನುಷ್ಯರ ನಡುವೆಯೇ ಎಬಿಓ ಗುಂಪು ತಪ್ಪಿದರೂ ಇದೇ ಆಗುತ್ತದೆ: ಚಳಿ, ಜ್ವರ, ಎದೆ ಅಥವಾ ಸೊಂಟದ ನೋವು, ಉಸಿರಾಟದ ತೊಂದರೆ, ರಕ್ತದೊತ್ತಡ ಕುಸಿತ, ಬಣ್ಣಗೆಟ್ಟ ಮೂತ್ರ. ಮುಂದೆ ಮೂತ್ರಪಿಂಡ ಸೋಲಬಹುದು, ಮೈಯಲ್ಲೆಲ್ಲ ರಕ್ತಸ್ರಾವ ಶುರುವಾಗಬಹುದು. ಹತ್ತಾರು ಮಿಲಿಲೀಟರ್ ಸೇರುವಷ್ಟರಲ್ಲೇ ಈ ಲಕ್ಷಣಗಳು ಕಾಣಿಸಿಕೊಳ್ಳಬಹುದು.

ಡೆನಿಯ ರೋಗಿ ಸತ್ತ ಮೇಲೆ ಮೊಕದ್ದಮೆ ನಡೆದು, ರಕ್ತ ಕೊಡುವ ಪ್ರಯೋಗಗಳಿಗೆ ಫ್ರಾನ್ಸಿನಲ್ಲಿ ತಡೆ ಬಿತ್ತು. ನೂರೈವತ್ತು ವರ್ಷ ಯಾರೂ ಆ ಕಡೆ ಹೆಚ್ಚು ಗಮನ ಹರಿಸಲಿಲ್ಲ. ಲಂಡನ್ನಿನ ಹೆರಿಗೆ ವೈದ್ಯ ಜೇಮ್ಸ್ ಬ್ಲಂಡೆಲ್ 1818ರಿಂದ ಮತ್ತೆ ಆ ಕೆಲಸಕ್ಕೆ ಕೈಹಾಕಿದರು. ಹೆರಿಗೆಯ ನಂತರ ರಕ್ತ ಹರಿದು ಕಣ್ಣೆದುರೇ ಸಾಯುವ ತಾಯಂದಿರನ್ನು ಉಳಿಸಬೇಕು ಎನ್ನುವುದೊಂದೇ ಅವರ ತುಡಿತ. ಮನುಷ್ಯರಿಗೆ ಮನುಷ್ಯರ ರಕ್ತವೇ ಆಗಬೇಕು ಎಂದು ಅವರು ಪಟ್ಟುಹಿಡಿದರು. ಕೆಲವು ರೋಗಿಗಳು ಬದುಕಿದರು, ಕೆಲವರು ಸತ್ತರು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಏಕೆ ಒಗ್ಗಲಿಲ್ಲ ಎನ್ನುವುದಕ್ಕೆ ಉತ್ತರ ಸಿಕ್ಕಿದ್ದು ವಿಯೆನ್ನಾದಲ್ಲಿ. ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಮತ್ತು ತನ್ನ ಸಹೋದ್ಯೋಗಿಗಳ ರಕ್ತ ತೆಗೆದು, ಒಬ್ಬರ ಕಣಗಳನ್ನು ಇನ್ನೊಬ್ಬರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಜೊತೆ ಒಂದೊಂದಾಗಿ ಬೆರೆಸಿ ನೋಡಿದರು. ರೋಗಿಗಳ ರಕ್ತವಲ್ಲ, ಆರೋಗ್ಯವಂತರ ರಕ್ತ. ಆದರೂ ಕೆಲವು ಜೋಡಿಗಳಲ್ಲಿ ಕಣಗಳು ಗುಂಪುಕಟ್ಟಿದವು. 1901ರ ಲೇಖನದಲ್ಲಿ ಎ, ಬಿ, ಸಿ ಎಂದು ಮೂರು ಗುಂಪು ಮಾಡಿದರು. ಆ ಸಿ ಈಗಿನ ಓ. ಮರುವರ್ಷ ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ನಾಲ್ಕನೆಯ ಗುಂಪನ್ನು ಗುರುತಿಸಿದರು. ಲ್ಯಾಂಡ್‌ಸ್ಟೈನರ್ ಅವರಿಗೆ 1930ರಲ್ಲಿ ನೊಬೆಲ್ ಬಂತು. ನಡುವೆ ಒಂದು ಗೊಂದಲದ ಕಾಲವೂ ಇತ್ತು. 1907ರಲ್ಲಿ ಯಾನ್ಸ್ಕಿ, 1910ರಲ್ಲಿ ಮಾಸ್ ಎಂಬ ಇಬ್ಬರು ವೈದ್ಯರು ಗುಂಪುಗಳಿಗೆ ಒಂದರಿಂದ ನಾಲ್ಕರವರೆಗೆ ಸಂಖ್ಯೆ ಕೊಟ್ಟರು. ಯಾನ್ಸ್ಕಿಯ ಒಂದನೆಯ ಗುಂಪು ಓ, ಮಾಸ್‌ನ ಒಂದನೆಯ ಗುಂಪು ಎಬಿ. ಒಂದು ಊರಿನ ವೈದ್ಯ ಇನ್ನೊಂದು ಊರಿನ ಚೀಟಿ ನೋಡಿ ರಕ್ತ ಕೊಟ್ಟರೆ ಆಗುವ ಅನಾಹುತವನ್ನು ನೀವೇ ಊಹಿಸಿ. ಸಂಖ್ಯೆಗಳನ್ನು ಕೈಬಿಟ್ಟು ಅಕ್ಷರಗಳಿಗೆ ಬಂದದ್ದು ದೊಡ್ಡ ಉಪಕಾರ.

ಲ್ಯಾಂಡ್‌ಸ್ಟೈನರ್ ಅಂದು ಮಾಡಿದ್ದನ್ನೇ ನಾವು ಇಂದೂ ಮಾಡುತ್ತೇವೆ. ಗಾಜಿನ ಸ್ಲೈಡಿನ ಮೇಲೆ ಮೂರು ಕಡೆ ರಕ್ತದ ಒಂದೊಂದು ಹನಿ. ಒಂದರ ಪಕ್ಕ ನೀಲಿ ಬಣ್ಣದ ಆ್ಯಂಟಿ-ಎ, ಇನ್ನೊಂದರ ಪಕ್ಕ ಹಳದಿ ಬಣ್ಣದ ಆ್ಯಂಟಿ-ಬಿ, ಮೂರನೆಯದರ ಪಕ್ಕ ಪಾಸಿಟಿವ್, ನೆಗೆಟಿವ್ ತಿಳಿಸುವ ಬಣ್ಣವಿಲ್ಲದ ಆ್ಯಂಟಿ-ಡಿ. ಬೇರೆ ಬೇರೆ ಕಡ್ಡಿಯಿಂದ ಕಲಸಿ, ಸ್ಲೈಡನ್ನು ಮೆಲ್ಲಗೆ ಆಚೀಚೆ ವಾಲಿಸಬೇಕು. ಕೆಲವು ಕ್ಷಣ ಏನೂ ಕಾಣುವುದಿಲ್ಲ. ಆಮೇಲೆ ಒಂದು ಹನಿಯ ಅಂಚಿನಲ್ಲಿ ಕೆಂಪು ತರಿತರಿಯಾಗತೊಡಗುತ್ತದೆ, ನೋಡುತ್ತಿದ್ದಂತೆ ಒಡೆದ ಹಾಲಿನಂತೆ ಗಂಟುಗಂಟಾಗಿ ನೀರು ಬೇರೆ ಕಣ ಬೇರೆ ಆಗುತ್ತದೆ. ಪಕ್ಕದ ಹನಿ ನಯವಾಗಿ ಒಂದೇ ಸಮ ಉಳಿದಿರುತ್ತದೆ. ನೀಲಿಯಲ್ಲಿ ಗಂಟಾದರೆ ಎ, ಹಳದಿಯಲ್ಲಿ ಗಂಟಾದರೆ ಬಿ, ಎರಡರಲ್ಲೂ ಆದರೆ ಎಬಿ, ಎರಡರಲ್ಲೂ ಆಗದಿದ್ದರೆ ಓ. ಶಿಬಿರಗಳಲ್ಲಿ ನೀವು ನೋಡಿರುವುದು ಇಷ್ಟೇ. ರಕ್ತನಿಧಿಯಲ್ಲಿ ಇಲ್ಲಿಗೆ ನಿಲ್ಲಿಸುವುದಿಲ್ಲ. ಅದೇ ವ್ಯಕ್ತಿಯ ಪ್ಲಾಸ್ಮಾವನ್ನು ಗುಂಪು ಗೊತ್ತಿರುವ ಕಣಗಳ ಜೊತೆ ಬೆರೆಸಿ ಉಲ್ಟಾ ಪರೀಕ್ಷೆಯನ್ನೂ ಮಾಡುತ್ತಾರೆ. ಕಣಗಳು ಹೇಳಿದ್ದಕ್ಕೂ ಪ್ಲಾಸ್ಮಾ ಹೇಳಿದ್ದಕ್ಕೂ ತಾಳೆಯಾಗಬೇಕು. ಆಗದಿದ್ದರೆ ಕಾರಣ ಸಿಗುವವರೆಗೆ ಗುಂಪನ್ನು ಬರೆದು ಕೊಡುವಂತಿಲ್ಲ. ಎಳೆಯ ಶಿಶುವಿನಲ್ಲಿ ಈ ಉಲ್ಟಾ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ, ಅದರ ರಕ್ತದಲ್ಲಿ ಇರುವ ಪ್ರತಿಕಾಯಗಳು ತಾಯಿಯಿಂದ ಬಂದವು.

ಆ ತಾಳೆ ತಪ್ಪಿದ ಒಂದು ಪ್ರಸಂಗದಿಂದಲೇ ಬಾಂಬೆ ಗುಂಪು ಬೆಳಕಿಗೆ ಬಂತು. 1952ರಲ್ಲಿ ಮುಂಬೈಯ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಆಗಲೇ ಹೇಳಿದ ಎಚ್ ಸರಪಳಿಯನ್ನು ನೆನಪಿಸಿಕೊಳ್ಳಿ. ಈ ಗುಂಪಿನವರಲ್ಲಿ ಅದೇ ಇರುವುದಿಲ್ಲ. ಎಚ್ ಇಲ್ಲದ ಮೇಲೆ ಎ ಆಗಲಿ ಬಿ ಆಗಲಿ ಕೂರುವುದಕ್ಕೆ ಜಾಗವೇ ಇಲ್ಲ. ಹಾಗಾಗಿ ಸ್ಲೈಡ್ ಪರೀಕ್ಷೆಯಲ್ಲಿ ಅವರು ಓ ಎಂದೇ ಕಾಣುತ್ತಾರೆ. ಆದರೆ ಅವರ ಪ್ಲಾಸ್ಮಾದಲ್ಲಿ ಆ್ಯಂಟಿ-ಎ, ಆ್ಯಂಟಿ-ಬಿ ಜೊತೆಗೆ ಆ್ಯಂಟಿ-ಎಚ್ ಕೂಡ ಇರುತ್ತದೆ. ಎಲ್ಲರಿಗಿಂತ ಹೆಚ್ಚು ಎಚ್ ಇರುವುದು ಓ ಕಣಗಳ ಮೇಲೆ. ಓ ಎಂದು ನಂಬಿ ಓ ರಕ್ತ ಕೊಟ್ಟರೆ ಅದೇ ಮಾರಕ. ಅವರಿಗೆ ಆಗುವುದು ಇನ್ನೊಬ್ಬ ಬಾಂಬೆ ಗುಂಪಿನವರ ರಕ್ತ ಮಾತ್ರ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಸಿಗಬಹುದು, ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ಉಲ್ಟಾ ಪರೀಕ್ಷೆಯಲ್ಲಿ ಓ ಕಣಗಳನ್ನೂ ಸೇರಿಸಿಕೊಂಡರೆ ಇವರು ತಪ್ಪಿಸಿಕೊಳ್ಳುವುದಿಲ್ಲ. ಆ ಒಂದು ಹೆಜ್ಜೆಯನ್ನು ಸಮಯ ಉಳಿಸಲು ಬಿಟ್ಟುಬಿಡುವುದನ್ನು ನಾನು ಒಪ್ಪಲಾರೆ.

ಇದೇ ಜಾಗದಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ರಕ್ತದ ಗುಂಪು ಅಪ್ಪ ಅಮ್ಮಂದಿರಿಂದ ಬರುತ್ತದೆ, ಓ ಗುಂಪಿನ ಇಬ್ಬರಿಗೆ ಎ ಗುಂಪಿನ ಮಗು ಹುಟ್ಟುವುದಿಲ್ಲ ಎಂದು ಪುಸ್ತಕದಲ್ಲಿ ಓದಿ, ಮನೆಯ ಮೂರು ವರದಿಗಳನ್ನು ಎದುರಿಗಿಟ್ಟುಕೊಂಡು ಹೆಂಡತಿಯ ಮೇಲೆ ಸಂಶಯ ಪಡುವವರಿದ್ದಾರೆ. ಬಾಂಬೆ ಗುಂಪಿನವರು ಓ ಎಂದು ಕಂಡರೂ ಅವರಲ್ಲಿ ಎ ಅಥವಾ ಬಿ ಜೀನ್ ಅಡಗಿರಬಹುದು, ಅದು ಮಗುವಿನಲ್ಲಿ ಕಾಣಿಸಿಕೊಳ್ಳಬಹುದು. ಎ ಪ್ರತಿಜನಕ ತೀರಾ ದುರ್ಬಲವಾಗಿದ್ದು ಸಾಮಾನ್ಯ ಪರೀಕ್ಷೆಗೆ ಸಿಗದೆ ಹೋಗುವುದುಂಟು. ಎ ಮತ್ತು ಬಿ ಎರಡೂ ಒಂದೇ ಜೀನ್‌ನಲ್ಲಿ ಸಾಗಿಬರುವ ಅಪರೂಪದ ಕುಟುಂಬಗಳೂ ಇವೆ, ಅಲ್ಲಿ ಎಬಿ ಗುಂಪಿನ ತಾಯಿಗೆ ಓ ಗುಂಪಿನ ಮಗು ಹುಟ್ಟಬಹುದು. ಎಲ್ಲಕ್ಕಿಂತ ಸಾಮಾನ್ಯ ಕಾರಣ ಹಳೆಯ ವರದಿಯೊಂದು ತಪ್ಪಾಗಿರುವುದು. ರಕ್ತದ ಗುಂಪಿನ ಚೀಟಿ ಹಿಡಿದು ಯಾರ ನಡತೆಯನ್ನೂ ಅಳೆಯಬೇಡಿ, ಕೈಮುಗಿದು ಕೇಳುತ್ತೇನೆ.

ಈಗ ಪಾಸಿಟಿವ್, ನೆಗೆಟಿವ್ ವಿಚಾರ. ಇದು ಆರ್‌ಎಚ್ ವ್ಯವಸ್ಥೆಯ ಡಿ ಎಂಬ ಪ್ರತಿಜನಕ. ಇದು ಸಕ್ಕರೆಯಲ್ಲ, ಪ್ರೋಟೀನ್. ಕಣದ ಮೇಲೆ ಡಿ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಭಾರತದಲ್ಲಿ ನೂರಕ್ಕೆ ಸುಮಾರು ಐವರು, ಯುರೋಪ್ ಮೂಲದವರಲ್ಲಿ ಸುಮಾರು ಹದಿನೈದು ಮಂದಿ ನೆಗೆಟಿವ್. ಪೂರ್ವ ಏಷ್ಯಾದಲ್ಲಿ ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ನಮ್ಮ ಪ್ರಶ್ನೆಯನ್ನೇ ಇಲ್ಲೂ ಕೇಳಿ: ಪಡೆಯುವವರ ಪ್ಲಾಸ್ಮಾದಲ್ಲಿ ಆ್ಯಂಟಿ-ಡಿ ಇದೆಯೇ? ಹುಟ್ಟಿನಿಂದ ಇರುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಇದನ್ನು ಕಲಿಸುವುದಿಲ್ಲ. ನೆಗೆಟಿವ್ ವ್ಯಕ್ತಿಗೆ ಪಾಸಿಟಿವ್ ಕಣಗಳು ಒಮ್ಮೆ ಸೇರಿದ ಮೇಲೆ ಅದು ಹುಟ್ಟಿಕೊಳ್ಳಬಹುದು. ಆದ್ದರಿಂದ ಮೊದಲ ಸಲ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ತೊಂದರೆ ಬರುವುದು ಮುಂದಿನ ಸಲ. ನೆಗೆಟಿವ್ ರಕ್ತವನ್ನು ಪಾಸಿಟಿವ್ ವ್ಯಕ್ತಿಗೆ ಕೊಡಲು ಅಡ್ಡಿಯಿಲ್ಲ. ವಿರಳವಾದ ನೆಗೆಟಿವ್ ರಕ್ತವನ್ನು ಹಾಗೆ ಖರ್ಚು ಮಾಡುವುದು ಮಾತ್ರ ಸರಿಯಲ್ಲ.

ಈ ಮುಂದಿನ ಸಲ ಎನ್ನುವುದು ಬಹಳಷ್ಟು ಹೆಣ್ಣುಮಕ್ಕಳ ಬದುಕಿನಲ್ಲಿ ಎರಡನೆಯ ಬಸಿರು. ತಾಯಿ ನೆಗೆಟಿವ್, ಮಗು ತಂದೆಯಂತೆ ಪಾಸಿಟಿವ್. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ, ತಾಯಿಯಲ್ಲಿ ಆ್ಯಂಟಿ-ಡಿ ಹುಟ್ಟುತ್ತದೆ. ಮೊದಲ ಮಗು ಕ್ಷೇಮ. ಎರಡನೆಯ ಮಗುವೂ ಪಾಸಿಟಿವ್ ಆದರೆ ಆ ಪ್ರತಿಕಾಯ ಮಾಸುಚೀಲವನ್ನು ದಾಟಿ ಹೋಗಿ ಮಗುವಿನ ಕಣಗಳನ್ನು ಒಡೆಯುತ್ತದೆ. ಗರ್ಭದಲ್ಲೇ ರಕ್ತಹೀನತೆ, ಹುಟ್ಟಿದ ಮೇಲೆ ತೀವ್ರ ಕಾಮಾಲೆ, ಕೆಲವೊಮ್ಮೆ ಸಾವು. ಎಷ್ಟೋ ತಲೆಮಾರುಗಳ ತಾಯಂದಿರು ಕಾರಣ ತಿಳಿಯದೆ ಈ ದುಃಖ ಅನುಭವಿಸಿದ್ದಾರೆ. 1968ರಿಂದ ಆ್ಯಂಟಿ-ಡಿ ಇಂಜೆಕ್ಷನ್ ಬಳಕೆಯಲ್ಲಿದೆ. ಗರ್ಭಿಣಿಗೆ 28ನೆಯ ವಾರದಲ್ಲಿ ಒಮ್ಮೆ, ಮಗು ಪಾಸಿಟಿವ್ ಎಂದು ತಿಳಿದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಕೊಟ್ಟರೆ ತಾಯಿಯಲ್ಲಿ ಪ್ರತಿಕಾಯ ಹುಟ್ಟುವುದನ್ನು ಬಹುಮಟ್ಟಿಗೆ ತಡೆಯಬಹುದು. ಗರ್ಭಪಾತವಾದರೂ ಕೇಳಬೇಕು. ಗರ್ಭ ನಿಲ್ಲಲಿಲ್ಲ ಎಂಬ ನೋವಿನಲ್ಲಿ ಈ ಇಂಜೆಕ್ಷನ್ ಮರೆತುಹೋಗುತ್ತದೆ, ಮರೆಯಬಾರದು.

ಆ ಇಂಜೆಕ್ಷನ್ ತಯಾರಾಗುವುದೂ ದಾನಿಗಳ ಪ್ಲಾಸ್ಮಾದಿಂದಲೇ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅವರ ರಕ್ತದಲ್ಲಿ ಆ್ಯಂಟಿ-ಡಿ ಹೇರಳವಾಗಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಬೇರೆಯವರ ರಕ್ತ ಪಡೆದಿದ್ದ ಅವರು ಹದಿನೆಂಟು ತುಂಬಿದಾಗ ಕೊಡಲು ಶುರುಮಾಡಿ, 2018ರಲ್ಲಿ 81ನೆಯ ವಯಸ್ಸಿನಲ್ಲಿ ನಿಲ್ಲಿಸುವ ಹೊತ್ತಿಗೆ 1,173 ಬಾರಿ ಕೊಟ್ಟಿದ್ದರು. ಸುಮಾರು 24 ಲಕ್ಷ ಶಿಶುಗಳಿಗೆ ಅದರಿಂದ ನೆರವಾಯಿತೆಂದು ಅಂದಾಜು. 2025ರಲ್ಲಿ ಅವರು ತೀರಿಕೊಂಡರು.

ಎಬಿಓ ಮತ್ತು ಡಿ ಹೊಂದಿದರೆ ಸಾಕೇ ಎಂದು ಕೇಳಿದರೆ, ಬಹಳ ಸಲ ಸಾಕು, ಎಲ್ಲ ಸಲವೂ ಅಲ್ಲ. ಇವತ್ತು ನಲವತ್ತಕ್ಕೂ ಹೆಚ್ಚು ರಕ್ತದ ಗುಂಪಿನ ವ್ಯವಸ್ಥೆಗಳು ಗೊತ್ತಿವೆ. ಕೆಲ್, ಡಫಿ, ಕಿಡ್ ಎಂಬ ಹೆಸರುಗಳನ್ನು ನೀವು ಕೇಳಿರಲಾರಿರಿ. ಒಂದೆರಡು ಸಲ ರಕ್ತ ಪಡೆಯುವವರಿಗೆ ಇವು ತೊಡಕಾಗುವುದು ಕಡಿಮೆ. ಆದರೆ ಥಲಸ್ಸೇಮಿಯಾ, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ, ಇರುವ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಪ್ರತಿ ಚೀಲವೂ ಹೊಸ ದಾನಿಯದು, ಹೊಸ ಪ್ರತಿಜನಕಗಳದು. ವರ್ಷಗಳು ಕಳೆದಂತೆ ಮಗುವಿನ ಪ್ಲಾಸ್ಮಾದಲ್ಲಿ ಪ್ರತಿಕಾಯಗಳು ಒಂದೊಂದಾಗಿ ಸೇರಿಕೊಂಡು, ಹೊಂದುವ ರಕ್ತ ಸಿಗುವುದೇ ಕಷ್ಟವಾಗಬಹುದು. ಅಂಥವರಿಗೆ ಚಿಕಿತ್ಸೆ ಶುರುವಾಗುವ ಮೊದಲೇ ಆರ್‌ಎಚ್‌ನ ಉಳಿದ ಪ್ರತಿಜನಕಗಳನ್ನೂ ಕೆಲ್ ಅನ್ನೂ ಪರೀಕ್ಷಿಸಿಟ್ಟು, ಅವಕ್ಕೆ ಹೊಂದುವ ರಕ್ತ ಕೊಡುವುದು ಉತ್ತಮ. ಇದಕ್ಕೆ ಹಣ ಬೇಕು, ದಾನಿಗಳ ದಾಖಲೆ ಬೇಕು. ಆದರೂ ಆ ಮಕ್ಕಳಿಗೆ ಸಲ್ಲಬೇಕಾದದ್ದು ಅದು.

ಈ ಅಡಗಿದ ಪ್ರತಿಕಾಯಗಳನ್ನು ಹಿಡಿಯುವುದಕ್ಕೇ ಕ್ರಾಸ್‌ಮ್ಯಾಚ್ ಇರುವುದು. ರೋಗಿಯ ಸೀರಮ್ ಅಥವಾ ಪ್ಲಾಸ್ಮಾವನ್ನು, ಕೊಡಬೇಕೆಂದಿರುವ ಚೀಲದ ಕಣಗಳೊಂದಿಗೆ ನೇರವಾಗಿ ಬೆರೆಸಿ ನೋಡುತ್ತಾರೆ. ನ್ಯೂಯಾರ್ಕಿನ ರೂಬೆನ್ ಆಟನ್‌ಬರ್ಗ್ 1907ರಲ್ಲಿ ರಕ್ತ ಕೊಡುವ ಮೊದಲು ಇಂಥ ಪರೀಕ್ಷೆ ಮಾಡುವ ಪದ್ಧತಿಗೆ ದಾರಿ ಹಾಕಿದರು. 1945ರಲ್ಲಿ ಕೂಂಬ್ಸ್, ಮೌರಂಟ್ ಮತ್ತು ರೇಸ್ ಅವರ ಪರೀಕ್ಷೆ ಬಂದ ಮೇಲೆ, ಕಣಗಳಿಗೆ ಅಂಟಿಕೊಂಡಿದ್ದರೂ ಗಂಟುಕಟ್ಟಿಸದ ಪ್ರತಿಕಾಯಗಳೂ ಸಿಕ್ಕಿಬೀಳತೊಡಗಿದವು. ಗುಂಪು ನೋಡಲು ಐದು ಹತ್ತು ನಿಮಿಷ ಸಾಕು, ಪೂರ್ಣ ಕ್ರಾಸ್‌ಮ್ಯಾಚ್‌ಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಆಸ್ಪತ್ರೆಯಲ್ಲಿ ಕಾಯುವಾಗ ಆ ಒಂದು ಗಂಟೆ ಯುಗದಂತೆ ಅನಿಸುತ್ತದೆ, ಒಪ್ಪುತ್ತೇನೆ. ರಕ್ತ ಇದೆಯಲ್ಲ, ಗುಂಪೂ ಗೊತ್ತಿದೆಯಲ್ಲ, ಏಕೆ ಕೊಡುತ್ತಿಲ್ಲ ಎಂದು ಸಿಬ್ಬಂದಿಯ ಮೇಲೆ ರೇಗುವ ಮೊದಲು ಆ ಗಾಜಿನ ನಳಿಕೆಯಲ್ಲಿ ಏನು ನಡೆಯುತ್ತಿದೆ ಎಂದು ನೆನೆಸಿಕೊಳ್ಳಿ. ಜೀವ ಹೋಗುವ ತುರ್ತು ಇದ್ದರೆ ವೈದ್ಯರು ಕಾಯುವುದಿಲ್ಲ, ಓ ನೆಗೆಟಿವ್ ಕೆಂಪುಕಣಗಳನ್ನು ಕೊಟ್ಟು ಚಿಕಿತ್ಸೆ ಶುರುಮಾಡುತ್ತಾರೆ. ಅದೂ ಸಿಗದಿದ್ದರೆ ಗಂಡಸರಿಗೆ ಮತ್ತು ಹೆರುವ ವಯಸ್ಸು ದಾಟಿದ ಹೆಂಗಸರಿಗೆ ಓ ಪಾಸಿಟಿವ್ ಕೊಡುವುದುಂಟು, ಮೊದಲ ಸಲದ ಅಪಾಯ ಕಡಿಮೆ ಎಂಬ ಲೆಕ್ಕದ ಮೇಲೆ. ರೋಗಿಯ ಗುಂಪು ತಿಳಿದ ಕೂಡಲೇ ಆ ಗುಂಪಿನ ರಕ್ತಕ್ಕೆ ಬದಲಾಯಿಸಬೇಕು. ಇಲ್ಲದಿದ್ದರೆ ಓ ನೆಗೆಟಿವ್ ಬಿಟ್ಟು ಬೇರೆ ಆಗದ ಇನ್ನೊಬ್ಬ ರೋಗಿಗೆ ಅದು ಉಳಿಯುವುದಿಲ್ಲ.

ಇಷ್ಟೆಲ್ಲ ವಿಜ್ಞಾನ ಇದ್ದೂ ತಪ್ಪು ಎಲ್ಲಿ ಆಗುತ್ತದೆ? ಮಾರಕ ಪ್ರಮಾದಗಳಲ್ಲಿ ಬಹುಪಾಲು ಪ್ರಯೋಗಾಲಯದಲ್ಲಿ ನಡೆಯುವುದಿಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲಿ ನಡೆಯುತ್ತವೆ. ಇಬ್ಬರು ರೋಗಿಗಳ ಮಾದರಿ ತೆಗೆದು ಮೇಜಿಗೆ ಹೋಗಿ ಹೆಸರು ಬರೆಯುವಾಗ ನಳಿಕೆ ಅದಲುಬದಲಾಗುತ್ತದೆ. ಒಂದೇ ಹೆಸರಿನ ಇಬ್ಬರು ಒಂದೇ ವಾರ್ಡಿನಲ್ಲಿರುತ್ತಾರೆ. ಚೀಲ ಪಕ್ಕದ ಹಾಸಿಗೆಗೆ ಹೋಗುತ್ತದೆ. ಆದ್ದರಿಂದ ನಳಿಕೆಗೆ ಲೇಬಲ್ ಅಂಟಿಸುವುದು ರೋಗಿಯ ಎದುರಿಗೇ ಆಗಬೇಕು. ರಕ್ತ ಏರಿಸುವ ಮೊದಲು ಚೀಲದ ಮೇಲಿನ ಹೆಸರು, ಆಸ್ಪತ್ರೆಯ ಸಂಖ್ಯೆ, ಗುಂಪು, ಅವಧಿಯ ದಿನಾಂಕ ಇವನ್ನು ಮಣಿಕಟ್ಟಿನ ಪಟ್ಟಿಯೊಂದಿಗೆ ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ನೀವು ಇಂಥವರೇ ಅಲ್ಲವೇ ಎಂದು ಕೇಳಬಾರದು, ನೋವು ನಿದ್ದೆಯ ಮಂಪರಿನಲ್ಲಿ ರೋಗಿ ಹೂಂ ಎಂದುಬಿಡುತ್ತಾರೆ. ನಿಮ್ಮ ಹೆಸರೇನು ಎಂದು ಕೇಳಿ ಅವರ ಬಾಯಿಂದ ಬರಿಸಬೇಕು. ಮೊದಲ ಹದಿನೈದು ನಿಮಿಷ ನಿಧಾನವಾಗಿ ಏರಿಸಿ ಪಕ್ಕದಲ್ಲೇ ಇರಬೇಕು. ರೋಗಿಯ ಜೊತೆಗಿರುವವರು ನೀವಾದರೆ ಇದನ್ನು ನೋಡುತ್ತಿರಿ, ತಪ್ಪಿದರೆ ಕೇಳಿ. ಕೇಳುವುದು ಅವಿಶ್ವಾಸವಲ್ಲ. ರೋಗಿಗೆ ಇದ್ದಕ್ಕಿದ್ದಂತೆ ನಡುಕ ಬಂದರೆ, ಸೊಂಟ ನೋಯುತ್ತಿದೆ ಎಂದರೆ, ಏನೋ ಕೆಡುಕಾಗುತ್ತದೆ ಎಂಬ ಭಯ ಎಂದರೆ, ತಡಮಾಡದೆ ದಾದಿಯನ್ನು ಕರೆದು ರಕ್ತ ನಿಲ್ಲಿಸಲು ಹೇಳಿ.

ಮನೆಯವರ ರಕ್ತವೇ ಒಳ್ಳೆಯದಲ್ಲವೇ ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಪ್ರೀತಿಯಿಂದ ಬಂದ ಪ್ರಶ್ನೆ, ಆದರೆ ಉತ್ತರ ಬೇರೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳ ರಕ್ತದಲ್ಲಿರುವ ಬಿಳಿಕಣಗಳು ರೋಗಿಯ ಅಂಗಾಂಶಕ್ಕೆ ಅರ್ಧಂಬರ್ಧ ಹೋಲುವುದರಿಂದ, ಪಡೆದವರ ದೇಹ ಅವನ್ನು ಹೊರಗಿನವು ಎಂದು ಗುರುತಿಸದೆ ಹೋಗಬಹುದು. ಹಾಗೆ ಉಳಿದುಕೊಂಡ ಬಿಳಿಕಣಗಳು ರೋಗಿಯ ಮೇಲೆಯೇ ತಿರುಗಿಬೀಳುತ್ತವೆ. ಅಪರೂಪ, ಆದರೆ ಬಂದರೆ ಉಳಿಯುವವರು ಬಹಳ ಕಡಿಮೆ. ಅನಿವಾರ್ಯವಾಗಿ ಹತ್ತಿರದ ಸಂಬಂಧಿಯ ರಕ್ತ ಕೊಡಬೇಕಾದರೆ ಅದಕ್ಕೆ ವಿಕಿರಣ ಹಾಯಿಸಿ ಆ ಕಣಗಳು ವೃದ್ಧಿಯಾಗದಂತೆ ಮಾಡುತ್ತಾರೆ. ಗಂಡನ ರಕ್ತವನ್ನು ಹೆರುವ ವಯಸ್ಸಿನ ಹೆಂಡತಿಗೆ ಕೊಡುವುದೂ ಒಳ್ಳೆಯದಲ್ಲ. ಅವನ ಪ್ರತಿಜನಕಗಳ ವಿರುದ್ಧ ಅವಳಲ್ಲಿ ಪ್ರತಿಕಾಯ ಹುಟ್ಟಿದರೆ ಅದು ಮುಂದೆ ಅವರದೇ ಮಗುವಿಗೆ ತೊಂದರೆ. ಮನೆಯವರು ರಕ್ತನಿಧಿಗೆ ಕೊಡಲಿ, ಅದು ಬೇರೆ ಯಾರಿಗೋ ಒದಗಲಿ. ನಿಮ್ಮವರಿಗೆ ಪರಿಚಯವಿಲ್ಲದ ಯಾರದೋ ರಕ್ತ ಬರಲಿ.

ರಕ್ತದ ಗುಂಪಿಗೂ ಸ್ವಭಾವಕ್ಕೂ, ಊಟದ ಪಥ್ಯಕ್ಕೂ ನಂಟಿದೆ ಎನ್ನುವ ಮಾತುಗಳಿಗೆ ಆಧಾರವಿಲ್ಲ. ಅದರ ಮೇಲೆ ಹೆಚ್ಚು ಸಮಯ ಕಳೆಯುವುದಿಲ್ಲ. ಗುಂಪು ಜೀವಮಾನದಲ್ಲಿ ಬದಲಾಗುತ್ತದೆಯೇ ಎಂಬ ಪ್ರಶ್ನೆ ಅದಕ್ಕಿಂತ ಸ್ವಾರಸ್ಯದ್ದು. ಕೆಂಪುಕಣಗಳು ತಯಾರಾಗುವ ಅಸ್ಥಿಮಜ್ಜೆಯ ಕಸಿಗೆ ಎಬಿಓ ಗುಂಪು ಹೊಂದಲೇಬೇಕೆಂದಿಲ್ಲ. ಎ ಗುಂಪಿನ ರೋಗಿಗೆ ಓ ಗುಂಪಿನವರ ಮಜ್ಜೆ ಕಸಿಯಾದರೆ ತಿಂಗಳುಗಳ ಮೇಲೆ ರೋಗಿಯ ಕೆಂಪುಕಣಗಳು ಓ ಆಗುತ್ತವೆ. ಬದಲಾವಣೆ ನಡೆಯುವ ಆ ತಿಂಗಳುಗಳಲ್ಲಿ ಯಾವ ಕಣ, ಯಾವ ಪ್ಲಾಸ್ಮಾ ಕೊಡಬೇಕು ಎಂದು ಲೆಕ್ಕ ಹಾಕುವಾಗಲೂ ನಾವು ಕೇಳಿಕೊಳ್ಳುವುದು ಅದೇ ಪ್ರಶ್ನೆಯನ್ನು.

ಇನ್ನೊಂದು ವಿಷಯ ಉಳಿದಿದೆ, ಇದನ್ನು ಮರೆಯದೆ ಬರೆದುಕೊಳ್ಳಿ. ಕಿಡ್ ಎಂಬ ವ್ಯವಸ್ಥೆಯ ಹೆಸರು ಹೇಳಿದೆ. ಅದರ ವಿರುದ್ಧ ಹುಟ್ಟುವ ಪ್ರತಿಕಾಯ ಕೆಲವು ತಿಂಗಳಲ್ಲಿ ಕ್ಷೀಣಿಸಿ, ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಬಹುದು. ಆಗ ಕ್ರಾಸ್‌ಮ್ಯಾಚ್ ಮಾಡಿದರೆ ಎಲ್ಲ ಸರಿಯಾಗಿದೆ ಎಂದೇ ಬರುತ್ತದೆ. ಆದರೆ ದೇಹ ಅದನ್ನು ಮರೆತಿರುವುದಿಲ್ಲ. ಆ ಪ್ರತಿಜನಕವಿರುವ ರಕ್ತ ಮತ್ತೆ ಸೇರಿದರೆ ಪ್ರತಿಕಾಯ ದಿನಗಳಲ್ಲೇ ಏರಿ, ಒಂದೆರಡು ವಾರದೊಳಗೆ ರೋಗಿಗೆ ಜ್ವರ, ಕಾಮಾಲೆ ಕಾಣಿಸಿಕೊಂಡು ಕೊಟ್ಟ ರಕ್ತವೆಲ್ಲ ಕರಗಿಹೋಗುತ್ತದೆ. ಅಷ್ಟು ಹೊತ್ತಿಗೆ ರೋಗಿ ಮನೆಗೆ ಹೋಗಿಯಾಗಿರುತ್ತದೆ, ರಕ್ತವೇ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ. ಇದನ್ನು ತಡೆಯಲು ಹಿಂದಿನ ದಾಖಲೆಯೊಂದೇ ದಾರಿ. ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಎಂದಾದರೂ ರಕ್ತನಿಧಿಯವರು ಇಂಥ ಪ್ರತಿಕಾಯ ಇದೆ ಎಂದು ಚೀಟಿ ಬರೆದುಕೊಟ್ಟಿದ್ದರೆ ಅದನ್ನು ಎಸೆಯಬೇಡಿ. ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬೇರೆ ಆಸ್ಪತ್ರೆಗೆ ಸೇರಿದಾಗ, ಯಾರೂ ಕೇಳದಿದ್ದರೂ, ರಕ್ತದ ಮಾದರಿ ತೆಗೆಯಲು ಬಂದವರಿಗೆ ಮೊದಲು ಅದನ್ನು ತೋರಿಸಿ.